ಜೋಳಿಗೆಗೆ ಹಾಕಿದ ವ್ಯಸನ: ಹೆಂಡದ ಮಾರಯ್ಯನವರಿಂದ ಸತ್ತೂರಿನವರೆಗೆ



ಹನ್ನೆರಡನೆಯ ಶತಮಾನದ ಶರಣ ಸಂಕುಲದಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರರಿದ್ದರು. ಹೆಂಡ ಮಾರುವುದು ಅವರ ಕಸುಬು. ಧರ್ಮೇಶ್ವರಲಿಂಗ ಎಂಬುದು ಅವರ ವಚನಗಳ ಅಂಕಿತ. ದೊರೆತಿರುವ ವಚನಗಳು ಬೆರಳೆಣಿಕೆಯಷ್ಟಾದರೂ ಅವುಗಳ ಪರಿಭಾಷೆ ವಿಶಿಷ್ಟವಾದುದು. ತಾವು ದಿನನಿತ್ಯ ಕಂಡ ಹೆಂಡ, ಅದರ ಅಮಲು, ಅದನ್ನು ಅರಸಿ ಬರುವ ಜನ, ಇವುಗಳನ್ನೇ ಅವರು ಅನುಭಾವದ ಮಾತಾಗಿ ತಿರುಗಿಸಿದ್ದಾರೆ. ವ್ಯಾಖ್ಯಾನಕಾರರ ಲಕ್ಷ್ಯವೆಲ್ಲ ಸಾಮಾನ್ಯವಾಗಿ ಈ ರೂಪಕಗಳ ಕಡೆಗೇ ಹರಿಯುತ್ತದೆ. ಆದರೆ ಅವರ ಹೆಸರೇ ಒಂದು ವಿಚಾರವನ್ನು ಹೇಳುತ್ತದೆ. ಶರಣರ ಪರಂಪರೆಯು ಮಾರಯ್ಯನವರನ್ನು ತನ್ನವರೆಂದು ಅಪ್ಪಿಕೊಂಡಾಗ ಹೆಸರಿನ ಹಿಂದಿದ್ದ ಹೆಂಡವನ್ನು ಅಳಿಸಿಹಾಕಲಿಲ್ಲ. ಕನ್ನದ ಮಾರಿತಂದೆಯವರ ಹೆಸರಿನಲ್ಲಿಯೂ ಕನ್ನ ಹಾಗೆಯೇ ಉಳಿಯಿತು. ಬಂದ ದಾರಿಯನ್ನು ಮುಚ್ಚಿಟ್ಟವರಿಗೆ ಮಾತ್ರ ಪ್ರವೇಶವೆಂಬ ಕಟ್ಟಳೆ ಕಲ್ಯಾಣದಲ್ಲಿ ಇರಲಿಲ್ಲ.

ಇಂದಿನ ಮನೆತನಗಳ ರೀತಿ ಇದಕ್ಕೆ ವಿರುದ್ಧವಾಗಿದೆ. ಮಗ ಕುಡಿಯುತ್ತಾನೆಂಬುದು, ಅಳಿಯ ಓಸಿ ಆಡಿ ಹೊಲವನ್ನು ಒತ್ತೆಯಿಟ್ಟನೆಂಬುದು ಓಣಿಗೆಲ್ಲ ತಿಳಿದಿರುತ್ತದೆ. ಗುರುಗಳ ಮುಂದೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ನೆರವು ತಡವಾಗುವುದು ಇಂತಹ ಮರ್ಯಾದೆಯ ಭಯದಿಂದ.

ಮದ್ಯದ ವಿರುದ್ಧದ ಹೋರಾಟ ಧಾರವಾಡದ ನೆಲಕ್ಕೆ ಹೊಸತಲ್ಲ. ಅಸಹಕಾರ ಚಳವಳಿಯ ದಿನಗಳಲ್ಲಿ ಇಲ್ಲಿಯ ಸೆರೆ ಅಂಗಡಿಗಳ ಮುಂದೆ ಸ್ವಯಂಸೇವಕರು ಪಿಕೆಟಿಂಗ್ ನಡೆಸಿದರು. 1921ರ ಜುಲೈ 1ರಂದು ಪೊಲೀಸರು ಮಾಡಿದ ಗೋಲಿಬಾರಿನಲ್ಲಿ ಮೂವರು ಪ್ರಾಣ ತೆತ್ತರು. ಜಕಣಿ ಬಾವಿಯ ಹುತಾತ್ಮ ಸ್ಮಾರಕ ಅವರ ನೆನಪಿನದು. ಮುಂಬಯಿ ಪ್ರಾಂತದಲ್ಲಿದ್ದ ಈ ಸೀಮೆಗೆ 1950ರಲ್ಲಿ ಪಾನನಿಷೇಧ ಬಂದಿತು. ಏಕೀಕರಣದ ನಂತರ, 1967ರಲ್ಲಿ, ಮೈಸೂರು ರಾಜ್ಯ ಸರ್ಕಾರ ಅದನ್ನು ಸಡಿಲಿಸಿತು. ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತದ್ದು 2007ರ ಜುಲೈ 1ರಂದು. ಧಾರವಾಡದ ಗೋಲಿಬಾರು ನಡೆದ ತಾರೀಖೂ ಅದೇ ಎಂಬುದನ್ನು ಆ ದಿನ ಎಷ್ಟು ಜನ ನೆನೆದರೋ! ಸಾರಾಯಿಯ ಪಾಕೀಟು ಹೋಯಿತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂದಿತು. ಕಾಯಿದೆಗೆ ಅಂಗಡಿಯನ್ನು ಮುಚ್ಚಿಸುವ ಶಕ್ತಿಯಿದೆ. ಕುಡಿಯುವವನ ಕೈ ಹಿಡಿದು ಕೂಡಿಸಿಕೊಳ್ಳುವ ಕೆಲಸ ಅದರದಲ್ಲ.

ಆ ಕೆಲಸವನ್ನು ಕೈಗೆತ್ತಿಕೊಂಡವರು ಚಿತ್ತರಗಿ-ಇಳಕಲ್ಲ ಶ್ರೀ ವಿಜಯ ಮಹಾಂತೇಶ್ವರ ಸಂಸ್ಥಾನಮಠದ ಪೂಜ್ಯ ಡಾ. ಮಹಾಂತ ಅಪ್ಪಗಳು. 1930ರ ಆಗಸ್ಟ್ 1ರಂದು ಜನಿಸಿದ ಅಪ್ಪಗಳು 1975ರಲ್ಲಿ ಮಹಾಂತ ಜೋಳಿಗೆಯನ್ನು ಹೆಗಲಿಗೇರಿಸಿದರು. ಜಂಗಮನ ಜೋಳಿಗೆಗೆ ಜೋಳ, ಹಿಟ್ಟು, ರೊಟ್ಟಿ ಬೀಳುವುದು ಲೋಕರೂಢಿ. ಅಪ್ಪಗಳು ಬೇಡಿದ್ದು ದುಶ್ಚಟದ ಭಿಕ್ಷೆಯನ್ನು. ಊರೂರು ತಿರುಗಿ, ಕೇರಿಕೇರಿಗಳಿಗೆ ಹೋಗಿ, ಮನೆಯ ಬಾಗಿಲಲ್ಲಿ ನಿಂತು ಜೋಳಿಗೆ ಒಡ್ಡಿದರು. ಬೀಡಿಯ ಕಟ್ಟು, ತಂಬಾಕಿನ ಚೀಲ, ಗುಟ್ಕಾ ಚೀಟಿ ಅದರೊಳಗೆ ಬಿದ್ದವು; ಅವುಗಳೊಡನೆ ಇನ್ನು ಮುಟ್ಟುವುದಿಲ್ಲವೆಂಬ ಮಾತೂ ಬಿದ್ದಿತು.

ಈ ಕ್ರಮದ ಸೂಕ್ಷ್ಮವನ್ನು ಗಮನಿಸಬೇಕು. ಚಟವುಳ್ಳವನು ಮಠಕ್ಕೆ ಬಂದು ತಪ್ಪೊಪ್ಪಿಕೊಳ್ಳಬೇಕಾಗಿ ಬಂದಿದ್ದರೆ ಅವನು ಅಪರಾಧಿಯಂತೆ ತಲೆ ತಗ್ಗಿಸಿ ನಿಲ್ಲುತ್ತಿದ್ದನು. ಇಲ್ಲಿ ಬೇಡುವವರು ಗುರುಗಳು, ನೀಡುವವನು ಅವನು. ಎಷ್ಟೋ ವರ್ಷಗಳಿಂದ ಮನೆಯವರಿಗೆ ಏನನ್ನೂ ಕೊಡಲಾಗದೆ ಎಲ್ಲರಿಂದಲೂ ಕಸಿದುಕೊಂಡೇ ಬದುಕಿದವನು ಅಂದು ದಾನಿಯಾದನು. ದಾಸೋಹವೆಂಬ ತತ್ತ್ವವನ್ನು ಇಷ್ಟು ಕೆಳಗಿನ ಮೆಟ್ಟಿಲಿನವರೆಗೆ ಇಳಿಸಿ ತಂದ ಉದಾಹರಣೆಗಳು ವಿರಳ. ಅಪ್ಪಗಳು 2018ರ ಮೇ 19ರಂದು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲಾಗುತ್ತಿದೆ.

ಆದರೆ ಜೋಳಿಗೆಗೆ ಹಾಕಿದ ಮಾತು ಮನಸ್ಸಿನದು. ದೇಹಕ್ಕೆ ಅದರದೇ ಆದ ಲೆಕ್ಕವಿದೆ. ಭಕ್ತಾದಿಗಳು ಇದನ್ನು ಸ್ಪಷ್ಟವಾಗಿ ತಿಳಿದಿರುವುದು ಅಗತ್ಯ. ಹತ್ತಾರು ವರ್ಷ ಪ್ರತಿದಿನ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ, ನಿದ್ದೆ ಹಾರುತ್ತದೆ. ಮೊದಲ 2 ದಿನಗಳಲ್ಲಿ ಫಿಟ್ಸ್ ಬರಬಹುದು. 2ರಿಂದ 4ನೆಯ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಇಲ್ಲದ ದನಿ ಕೇಳುತ್ತದೆ; ಹೊತ್ತು, ಊರು, ಮನೆಯ ಜನ ಯಾವುದರ ಗುರುತೂ ಉಳಿಯುವುದಿಲ್ಲ. ಹಳ್ಳಿಗಳಲ್ಲಿ ಇದನ್ನು ದೆವ್ವ ಬಡಿದದ್ದೆಂದು ತಿಳಿದು ಮಂತ್ರವಾದಿಯ ಬಳಿಗೆ ಒಯ್ಯುವುದುಂಟು. ಆಣೆ ಮುರಿದ ಪಾಪವೆನ್ನುವವರೂ ಉಂಟು. ಇದು ಪ್ರಾಣಕ್ಕೆ ಎರವಾಗಬಲ್ಲ ಕಾಯಿಲೆ. ಆಸ್ಪತ್ರೆಯಲ್ಲಿ ಬಿ-1 ಜೀವಸತ್ವದ ಚುಚ್ಚುಮದ್ದು ಮತ್ತು ನರಗಳನ್ನು ಶಮನಗೊಳಿಸುವ ಔಷಧವನ್ನು ಕೊಟ್ಟು ಕೆಲವು ದಿನ ಕಾಯುವುದೇ ಇದಕ್ಕೆ ದಾರಿ. ಕುಡಿತ ಬಿಡಿಸುವ ಪುಡಿಯೆಂದು ಗೋಡೆಗಳ ಮೇಲೆ ಜಾಹೀರಾತು ಬರೆದು ಮಾರುವ ಮದ್ದನ್ನು ಸಾರಿನಲ್ಲಿ ಗುಟ್ಟಾಗಿ ಬೆರೆಸುವ ತಾಯಂದಿರಿದ್ದಾರೆ. ಅವರ ಸಂಕಟ ಅರ್ಥವಾಗುವಂಥದು. ಆದರೆ ಮದ್ಯದೊಡನೆ ಸೇರಿ ವಿಷಮಿಸುವ ಔಷಧ ಅದರಲ್ಲಿದ್ದರೆ, ಏನೂ ತಿಳಿಯದೆ ಕುಡಿದವನ ಜೀವಕ್ಕೇ ಅಪಾಯ.

ಮಾತಿಗೂ ಮದ್ದಿಗೂ ನಡುವಿನ ಸೇತುವೆಯಂತೆ ಬೆಳೆದುದು ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ. 1990ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಸೀಮೆಯಲ್ಲಿ ಮೊದಲಾದ ಈ ಶಿಬಿರಗಳು ಮುಂದೆ ಉತ್ತರ ಕರ್ನಾಟಕಕ್ಕೂ ಬಂದವು. ಊರಿನದೇ ಸಮುದಾಯ ಭವನ, ಊರಿನವರದೇ ವ್ಯವಸ್ಥೆ. ಸಾಮಾನ್ಯವಾಗಿ 8 ದಿನಗಳ ವಾಸ. ಶಿಬಿರ ಮುಗಿಸಿದವರು ನವಜೀವನ ಸಮಿತಿಯೆಂಬ ಹೆಸರಿನಲ್ಲಿ ಕೂಡುತ್ತಾರೆ. ಕುಡಿತ ಬಿಟ್ಟವರೇ ಒಬ್ಬರಿಗೊಬ್ಬರು ಆಸರೆಯಾಗುವ ಈ ಕ್ರಮಕ್ಕೆ ಅಮೆರಿಕೆಯಲ್ಲಿ 1935ರಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟವನ್ನು ಹೋಲಿಸಬಹುದು. ಶರಣರ ಗೋಷ್ಠಿಯನ್ನು ಬಲ್ಲವರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ.

ಅದೇ ಧರ್ಮಸ್ಥಳದ ಹೆಸರಿನ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ 2003ರಲ್ಲಿ ಸತ್ತೂರಿನಲ್ಲಿ ಆರಂಭವಾಯಿತು. ಹುಬ್ಬಳ್ಳಿ ಧಾರವಾಡಗಳ ನಡುವೆ ಹೊಲಗಳಿಂದ ಸುತ್ತುವರಿದಿದ್ದ ಸತ್ತೂರ ಆ ಮೇಲೆ ರೋಗಿಗಳು ಅರಸಿ ಬರುವ ಊರಾಯಿತು. ಅಲ್ಲಿಯ ಮನೋವೈದ್ಯ ವಿಭಾಗಕ್ಕೆ ಹೋಗುವುದೆಂದರೆ ಹುಚ್ಚರ ಸಾಲಿಗೆ ಸೇರಿದಂತೆ ಎಂಬ ಅಂಜಿಕೆಯನ್ನು ಬಿಡಬೇಕು. ವೆಚ್ಚದ ಚಿಂತೆಯಿರುವವರಿಗೆ ಎರಡು ಸರ್ಕಾರಿ ಬಾಗಿಲುಗಳಿವೆ: ಧಾರವಾಡದಲ್ಲಿ ಬ್ರಿಟಿಷರ ಕಾಲದ ಮಾನಸಿಕ ಆಸ್ಪತ್ರೆಯೇ ಬೆಳೆದು ರೂಪುಗೊಂಡ ಡಿಮ್ಹಾನ್ಸ್, ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಆಸ್ಪತ್ರೆ. ಮದ್ಯ ಮತ್ತು ಮಾದಕ ವಸ್ತುಗಳಿಂದಾದ ತೊಂದರೆಯನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯೇ ಕಾಯಿಲೆಗಳ ಸಾಲಿಗೆ ಸೇರಿಸಿದೆ.

ಗಾಂಜಾಕ್ಕೆ ಬಿದ್ದ ಹುಡುಗರ ತಂದೆತಾಯಿಗಳು ಆಸ್ಪತ್ರೆಗಿಂತ ಪೊಲೀಸರಿಗೆ ಹೆಚ್ಚು ಅಂಜುತ್ತಾರೆ. 1985ರ ಮಾದಕ ವಸ್ತು ಕಾಯಿದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವುಳ್ಳ ವ್ಯಸನಿಯು ತಾನಾಗಿಯೇ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಚಿಕಿತ್ಸೆಯನ್ನು ಪೂರ್ತಿಗೊಳಿಸಬೇಕೆಂಬ ಕರಾರು ಮಾತ್ರ ಇದೆ. ಇನ್ನು ಜೂಜು. ಇಸ್ಪೀಟು, ಓಸಿಗಳ ಜೊತೆಗೆ ಮೊಬೈಲಿನ ಹಣದಾಟ ಸೇರಿಕೊಂಡಿತು. 2025ರಲ್ಲಿ ಸಂಸತ್ತು ಕಾಯಿದೆ ಮಾಡಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಯಲ್ಲಿ ಗುರುತಿಸಿದೆ. ಬಾಯಿ ವಾಸನೆ ಬಾರದ, ಕಾಲು ತೊಡರದ ಚಟವಿದು. ಸಾಲಗಾರರು ಬಾಗಿಲಿಗೆ ಬಂದ ಮೇಲೆಯೇ ಮನೆಯವರಿಗೆ ತಿಳಿಯುವುದು.

ಬಿಟ್ಟವರು ಮತ್ತೆ ಹಿಡಿಯುವುದುಂಟು. ವೈದ್ಯರು ಅದನ್ನು ಕಾಯಿಲೆಯ ಮರುಕಳಿಕೆಯೆಂದು ಬಗೆದು ಮತ್ತೆ ಚಿಕಿತ್ಸೆ ಕೊಡುತ್ತಾರೆ. ಆದರೆ ಜೋಳಿಗೆಗೆ ಮಾತು ಹಾಕಿ ತಪ್ಪಿದವನು ನಾಚಿಕೆಯಿಂದ ಮಠದ ಓಣಿಯನ್ನೇ ಬಿಟ್ಟು ಸುತ್ತು ಹಾಕಿ ನಡೆಯುತ್ತಾನೆ. ಭಿಕ್ಷೆ ಒಂದೇ ದಿನಕ್ಕೆ ಮುಗಿಯುವ ಕಾರ್ಯವಲ್ಲ, ಜಂಗಮನು ಅದೇ ಬಾಗಿಲಿಗೆ ಮತ್ತೆ ಬರುತ್ತಾನೆ ಎಂಬುದನ್ನು ಅವನಿಗೆ ತಿಳಿಸಬೇಕಾದವರು ಮನೆಯವರು ಮತ್ತು ನೆರೆಯ ಭಕ್ತರು. ಹೊರಗೆ ಹೊರಡುವುದೇ ಕಷ್ಟವಾದವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯಿದೆ. ಅದರ ಸಂಖ್ಯೆ 14416. ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು, ನಡುರಾತ್ರಿಯಲ್ಲಿಯೂ ಕರೆ ಸ್ವೀಕರಿಸುತ್ತಾರೆ.