ಸೀಲಿಯಾ ಜಾನ್‌ಸನ್: ಸಂಯಮವೇ ಅಭಿನಯವಾದ ಬಗೆ

ಅಭಿನಯವೆಂದರೆ ಏರಿದ ದನಿ, ಧಾರಾಕಾರವಾದ ಕಣ್ಣೀರು ಎಂಬ ಭಾವನೆ ನಮ್ಮಲ್ಲಿ ಬಹುಮಂದಿಗೆ ಉಂಟು. ಶಾಲೆಯ ವಾರ್ಷಿಕೋತ್ಸವದ ನಾಟಕಗಳಲ್ಲಿ ನಾವು ಮಕ್ಕಳಿಗೆ ಕಲಿಸುವುದೂ ಅದನ್ನೇ. ಆದರೆ ದುಃಖವನ್ನು ನುಂಗಿ ನಿಲ್ಲುವುದೂ ಅಭಿನಯವೇ ಎಂಬುದನ್ನು ಆಂಗ್ಲ ನಟಿ ಸೀಲಿಯಾ ಜಾನ್‌ಸನ್ನಳ ಚರಿತ್ರೆಯಿಂದ ಅರಿಯಬಹುದಾಗಿದೆ.

ಈಕೆ ೧೯೦೮ರ ಡಿಸೆಂಬರ್ ೧೮ರಂದು ಲಂಡನ್ನಿಗೆ ಸಮೀಪದ ರಿಚ್ಮಂಡಿನಲ್ಲಿ ಜನಿಸಿದಳು. ತಂದೆ ವೈದ್ಯ. ಲಂಡನ್ನಿನಲ್ಲಿ ನಾಟ್ಯಶಿಕ್ಷಣ ಪಡೆದು, ೧೯೨೮ರಲ್ಲಿ ಬರ್ನಾರ್ಡ್ ಷಾ ಮಹಾಶಯನ ‘ಮೇಜರ್ ಬಾರ್ಬರಾ’ ನಾಟಕದ ಮೂಲಕ ರಂಗವನ್ನೇರಿದಳು. ೧೯೩೫ರಲ್ಲಿ ಪ್ರವಾಸಗ್ರಂಥಕರ್ತನಾದ ಪೀಟರ್ ಫ್ಲೆಮಿಂಗನನ್ನು ವರಿಸಿದಳು. ಎರಡನೆಯ ಮಹಾಯುದ್ಧದಲ್ಲಿ ಆತನು ಸೇನಾಕಾರ್ಯನಿಮಿತ್ತ ದೆಹಲಿಯಲ್ಲಿದ್ದಾಗ, ಈಕೆ ಸಹಾಯಕ ಪೊಲೀಸ್ ದಳದಲ್ಲಿ ಸೇವೆ ಸಲ್ಲಿಸುತ್ತ, ತನ್ನ ಮಗುವಿನೊಡನೆ ಬಂಧುಗಳ ಮಕ್ಕಳನ್ನೂ ಸಲಹುತ್ತಿದ್ದಳು. ಈ ಹೊಣೆಗಳ ನಡುವೆಯೇ ಆಕೆಯ ಚಿತ್ರಜೀವನ ಮೊದಲಾಯಿತು.

೧೯೪೨ರ ‘ಇನ್ ವಿಚ್ ವಿ ಸರ್ವ್’, ೧೯೪೪ರ ‘ದಿಸ್ ಹ್ಯಾಪಿ ಬ್ರೀಡ್’ ಚಿತ್ರಗಳ ತರುವಾಯ, ೧೯೪೫ರಲ್ಲಿ ಡೇವಿಡ್ ಲೀನ್ ನಿರ್ದೇಶಿಸಿದ ‘ಬ್ರೀಫ್ ಎನ್‌ಕೌಂಟರ್’ ತೆರೆಕಂಡಿತು. ವೈಮಾನಿಕ ದಾಳಿಯ ಭಯ ಕಡಿಮೆಯಿದ್ದ ಉತ್ತರದ ಕಾರ್ನ್‌ಫೋರ್ತ್ ರೈಲು ನಿಲ್ದಾಣದಲ್ಲಿ ರಾತ್ರಿಯ ದೃಶ್ಯಗಳನ್ನು ಚಿತ್ರಿಸಲಾಯಿತು. ಲಾರಾ ಎಂಬ ಗೃಹಿಣಿಯ ಕಣ್ಣಿಗೆ ಬಿದ್ದ ಕಿಡಿಯನ್ನು ವೈದ್ಯನೊಬ್ಬನು ತೆಗೆಯುತ್ತಾನೆ, ಪರಿಚಯವು ಅನುರಾಗವಾಗುತ್ತದೆ. ಕೊನೆಗೆ ಇಬ್ಬರೂ ತಂತಮ್ಮ ಮನೆಯನ್ನೇ ಆರಿಸಿಕೊಳ್ಳುತ್ತಾರೆ. ಕಡೆಯ ಬೀಳ್ಕೊಡುಗೆಯ ಕ್ಷಣದಲ್ಲಿ ವಾಚಾಳಿಯಾದ ಪರಿಚಿತೆಯೊಬ್ಬಳು ನಡುವೆ ಬಂದು ಕುಳಿತುಬಿಡುತ್ತಾಳೆ. ಅವನು ಲಾರಾಳ ಹೆಗಲನ್ನು ಮೆಲ್ಲನೆ ಒತ್ತಿ ಹೊರಟುಹೋಗುತ್ತಾನೆ; ಅಷ್ಟೇ. ಅಳುವುದಕ್ಕೂ ಅವಕಾಶವಿಲ್ಲದ ಆ ಕಣ್ಣುಗಳನ್ನು ಕಂಡವರು ಮರೆಯಲಾರರು. ಈ ಪಾತ್ರಕ್ಕಾಗಿ ಆಕೆಯ ಹೆಸರು ಆಸ್ಕರ್ ಪ್ರಶಸ್ತಿಗೆ ಸೂಚಿತವಾಯಿತು.

ಇಂತಹ ಕೀರ್ತಿ ಬಂದ ಮೇಲೂ ಆಕೆ ಚಿತ್ರಗಳ ಬೆನ್ನು ಹತ್ತಲಿಲ್ಲ. ಸಂಸಾರ, ರಂಗಭೂಮಿ ಇವುಗಳ ನಡುವೆ ಅಪರೂಪಕ್ಕೊಮ್ಮೆ ತೆರೆಯ ಮೇಲೆ ಬಂದಳು. ೧೯೬೯ರ ‘ದಿ ಪ್ರೈಮ್ ಆಫ್ ಮಿಸ್ ಜೀನ್ ಬ್ರೋಡಿ’ ಚಿತ್ರದಲ್ಲಿ ಮುಖ್ಯೋಪಾಧ್ಯಾಯಿನಿಯಾದಳು. ಸ್ವಚ್ಛಂದಳಾದ ಶಿಕ್ಷಕಿಯನ್ನು ಎದುರಿಸುವ ಆ ಪಾತ್ರ ಉಪಾಧ್ಯಾಯರಾದ ನಮ್ಮನ್ನು ಚಿಂತನೆಗೆ ಹಚ್ಚದಿರದು.

ಮುಪ್ಪಿನಲ್ಲಿ ದೂರದರ್ಶನವು ಆಕೆಗೆ ಎರಡನೆಯ ಪ್ರಾಯವನ್ನಿತ್ತಿತು. ೧೯೭೩ರ ‘ಮಿಸೆಸ್ ಪಾಲ್‌ಫ್ರೀ ಅಟ್ ದಿ ಕ್ಲೇರ್‌ಮಾಂಟ್’ ನಾಟಕದಲ್ಲಿ ಹೋಟೆಲಿನಲ್ಲಿ ದಿನಗಳೆಯುವ ವೃದ್ಧೆಯಾದಳು. ೧೯೮೦ರಲ್ಲಿ ಪಾಲ್ ಸ್ಕಾಟನ ಕಾದಂಬರಿಯನ್ನಾಧರಿಸಿದ ‘ಸ್ಟೇಯಿಂಗ್ ಆನ್’ ಚಿತ್ರಕ್ಕಾಗಿ ಶಿಮ್ಲಾಕ್ಕೆ ಬಂದಳು. ೧೯೪೭ರ ಬಳಿಕವೂ ಭಾರತದಲ್ಲೇ ಉಳಿದ ಆಂಗ್ಲ ದಂಪತಿಗಳ ಕಥೆಯದು. ‘ಬ್ರೀಫ್ ಎನ್‌ಕೌಂಟರ್’ ಚಿತ್ರದಲ್ಲಿ ಜತೆಗೂಡಿದ್ದ ಟ್ರೆವರ್ ಹೊವಾರ್ಡನೇ ಇಲ್ಲಿ ಪತಿ. ಅವನು ತೀರಿಕೊಂಡಾಗ, ಯಾವ ನಾಡೂ ತನ್ನದಲ್ಲವೆಂಬ ಆಕೆಯ ಅಳಲು ಮೆಲುದನಿಯಲ್ಲೇ ಹೊಮ್ಮುತ್ತದೆ.

ಆಳಿದವರ ದುಃಖ ಬೇರೆ, ನಮ್ಮದು ಬೇರೆ ಎಂಬುದನ್ನು ನಾವು ಬಲ್ಲೆವು. ಆದರೂ ನಕ್ಷೆಯ ಗೆರೆ ಸರಿದಾಗ, ಇದ್ದಲ್ಲೇ ಇದ್ದು ಅನ್ಯರೆನಿಸಿಕೊಳ್ಳುವ ಅನುಭವ ಗಡಿನಾಡಿನ ನಮಗೆ ಹೊಸದಲ್ಲ. ಆದುದರಿಂದಲೇ ಆ ಮೆಲುದನಿ ನಮ್ಮ ಎದೆಯನ್ನೂ ಮುಟ್ಟುತ್ತದೆ.

೧೯೮೧ರಲ್ಲಿ ಡೇಮ್ ಪದವಿಯಿಂದ ಸನ್ಮಾನಿತಳಾದ ಆಕೆ ೧೯೮೨ರ ಏಪ್ರಿಲ್ ೨೬ರಂದು ನಿಧನ ಹೊಂದಿದಳು. ಪಾತ್ರಗಳ ಸಂಖ್ಯೆಯಿಂದ ಕಲಾವಿದನನ್ನು ಅಳೆಯಲಾಗದು. ಮುಂದಿನ ವಾರ್ಷಿಕೋತ್ಸವದಲ್ಲಿ, ದನಿಯೇರಿಸದೆ ನಿಂತ ಬಾಲಕಿಯೊಬ್ಬಳ ಕಣ್ಣುಗಳನ್ನು ನಾವು ಒಮ್ಮೆ ಗಮನಿಸೋಣ.