ಪರದೇಶಿಗತೆ ಯಾಕ ನಿಂತೀರಿ

ಹೋಳಿ ಆಗಿ ಐದನೆಯ ದಿನ. ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆಯುವ ದಿನ. ಚಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ತೊಗರಿ ರಾಶಿ ಮುಗಿಸಿ ಕೈ ಬಿಡುವು ಮಾಡಿಕೊಂಡ ಹಳ್ಳಿಯ ಜನ, ಮುಂಬೈ ಪುಣೆಗಳಿಂದ ಹೋಳಿಗೆಂದು ಬಂದ ತಾಂಡಾದ ಹುಡುಗರು, ಹೂ ಮುಡಿದ ಸೊಸೆಯಂದಿರು, ಎಲ್ಲರಿಗೂ ಒಂದೇ ಬಸ್ಸು ಬೇಕು. ಬಾಗಿಲ ಬಳಿ ಒಬ್ಬ ಕೂಲಿಯಾಳು ತಲೆಯ ಮೇಲೆ ಗಂಟು ಹೊತ್ತು ನಿಂತಿದ್ದ. ಬಿಹಾರದವನೋ ಒಡಿಶಾದವನೋ ಇರಬೇಕು. ವಾಡಿ, ಸೇಡಂ ಕಡೆಯ ಸಿಮೆಂಟು ಕಾರ್ಖಾನೆಗಳಿಗೆ ಅಲ್ಲಿಂದ ಬರುವವರು ಬಹಳ. ಹತ್ತಬೇಕೋ ಇಳಿಯಬೇಕೋ ಅವನಿಗೆ ತಿಳಿಯಲಿಲ್ಲ. ಹಿಂದಿನಿಂದ ಒಬ್ಬ ಹುಡುಗ, "ಏ ಪರದೇಶಿ, ಸರಿಯೋ ಅತ್ತಾಗ" ಎಂದು ಅವನ ಗಂಟನ್ನು ನೂಕಿ ಹತ್ತಿದ.

ಆ ಹುಡುಗ ನನ್ನ ಶಾಲೆಯಲ್ಲಿ ಓದಿದವನೇ. ಮನಸ್ಸಿಗೆ ಬಹಳ ನೋವಾಯಿತು. ಏಕೆಂದರೆ ಇದೇ ಪದ, ಇದೇ ತೇರಿನ ದಿನ, ಹದಿನಾಲ್ಕು ವರ್ಷದ ಹಿಂದೆ ನನ್ನ ಪಾಲಿಗೂ ಬಂದಿತ್ತು.

ನಾನು ತಿಪಟೂರು ಕಡೆಯವಳು. ಕೆಲಸ ಸಿಕ್ಕಿ ಚಂದಾಪುರಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಓಣಿಯವರೆಲ್ಲ ಸೇರಿ ಕ್ರೂಸರ್ ಗಾಡಿ ಗೊತ್ತು ಮಾಡಿದ್ದರು. ನಾನು ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು ಅವರ ಗಡಿಬಿಡಿ ನೋಡುತ್ತಿದ್ದೆ. ಪಕ್ಕದ ಮನೆಯ ಆಯಿ ಗಾಡಿ ಹತ್ತಲು ಹೋದವಳು ತಿರುಗಿ ಬಂದು ಕೇಳಿದಳು: "ಅಕ್ಕೋರ, ಪರದೇಶಿಗತೆ ಯಾಕ ಒಬ್ಬಾಕೇ ನಿಂತೀರಿ? ಲಗೂನ ಸೀರಿ ಉಟ್ಕೊಂಡು ಬರ್ರಿ, ಗಾಡ್ಯಾಗ ಜಾಗ ಅದ."

ನನಗೆ ಅವಮಾನವಾಯಿತು. ನಮ್ಮ ಕಡೆ ಪರದೇಶಿ ಎಂದರೆ ಹಿಂದೆಮುಂದೆ ಯಾರೂ ಇಲ್ಲದವರು. ಅಪ್ಪ ಅಮ್ಮ ಇಬ್ಬರೂ ಇದ್ದ ನನ್ನನ್ನು ಹಾಗೆ ಕರೆಯುವುದೆಂದರೇನು? ಆದರೂ ಹೋದೆ. ದಾರಿಯುದ್ದಕ್ಕೂ, ಎಂಬತ್ತು ಕಿಲೋಮೀಟರಿಗೂ ಮಿಕ್ಕ ದೂರ, ಆಯಿಯ ಮೊಮ್ಮಗಳು ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಕಲಬುರಗಿಯಲ್ಲಿ ಸಂಜೆ ಶರಣಬಸವೇಶ್ವರರ ಪರುಷ ಬಟ್ಟಲನ್ನು ಭಕ್ತರಿಗೆ ತೋರಿಸಿದ ಮೇಲೆ ತೇರು ಹೊರಟಿತು. ಎಲ್ಲ ದಿಕ್ಕಿನಿಂದ ಬಾಳೆಹಣ್ಣು, ಉತ್ತತ್ತಿ ತೇರಿನತ್ತ ಹಾರಿದವು. ತೇರಿಗೆ ಬಡಿದು ಬಂದ ಒಂದು ಉತ್ತತ್ತಿ ನೇರ ನನ್ನ ಹಣೆಗೆ ತಾಗಿತು. ಆಯಿ ಅದನ್ನು ಹೆಕ್ಕಿ, ಸೆರಗಿನಲ್ಲಿ ಒರೆಸಿ, ನನ್ನ ಅಂಗೈಗಿಟ್ಟಳು. "ತೇರಿಗಿ ಬಡದು ನಿಮ್ಮ ಕಡಿ ಬಂತ್ರಿ. ಅಪ್ಪ ನಿಮಗ ಕೊಟ್ಟಾನ, ತಿನ್ರಿ." ಅದರ ಬೀಜ ಇವತ್ತಿಗೂ ನನ್ನ ಬಳೆ ಪೆಟ್ಟಿಗೆಯಲ್ಲಿದೆ.

ಅಂದಿನಿಂದ ಈ ಪದದ ಬೆನ್ನು ಹತ್ತಿದ್ದೇನೆ. ಪರ ಮತ್ತು ದೇಶ ಸೇರಿ ಪರದೇಶಿಯಾದದ್ದು ಐದನೇ ತರಗತಿಯ ಮಕ್ಕಳಿಗೂ ಗೊತ್ತು, ಅದನ್ನು ಬಿಡೋಣ. ಬೇರೆ ನಾಡಿನವನು ಎಂಬ ಸರಳ ಅರ್ಥದ ಪದ, ಗತಿಯಿಲ್ಲದವನು ಎಂದಾದದ್ದು ಎಲ್ಲಿ, ಯಾವಾಗ ಎಂಬುದೇ ನನ್ನ ಪ್ರಶ್ನೆ.

ಮೊದಲು ಹಾಗಿರಲಿಲ್ಲ. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕ ಸಂಘದ ಶಾಸನಗಳಲ್ಲಿ ಸ್ವದೇಶಿ, ಪರದೇಶಿ, ನಾನಾದೇಶಿ ಎಂಬ ಹೆಸರುಗಳಿವೆ. ಅಲ್ಲಿ ಪರದೇಶಿ ಎಂದರೆ ದೂರದ ದಾರಿ ಕಂಡ ವ್ಯಾಪಾರಿ, ದಾನ ಕೊಡುವ ಶಕ್ತಿಯುಳ್ಳವನು. ಈ ಐನೂರ್ವರ ಶಾಸನ ಸುಮಾತ್ರಾದ ಬಾರುಸ್ ಎಂಬಲ್ಲಿಯೂ ಸಿಕ್ಕಿದೆ, 1088ನೇ ಇಸವಿಯದು. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಯಹೂದಿ ಮಂದಿರಕ್ಕೆ ಈಗಲೂ ಪರದೇಶಿ ಎಂದೇ ಹೆಸರು, ಅದರಲ್ಲಿ ಹೀನಾರ್ಥ ಎಳ್ಳಷ್ಟೂ ಇಲ್ಲ. ಅಷ್ಟು ದೂರ ಏಕೆ, ನಮ್ಮ ಸೇಡಂ ತಾಲ್ಲೂಕಿನ ಮಳಖೇಡಕ್ಕೇ ಬನ್ನಿ. ಈಗ ಕಾಗಿಣಾ ಹೊಳೆಯ ದಂಡೆಯಲ್ಲಿ ಕುಸಿದ ಕೋಟೆ ಹೊತ್ತು ಕೂತಿರುವ ಆ ಊರು ರಾಷ್ಟ್ರಕೂಟರ ಮಾನ್ಯಖೇಟ. 851ರಲ್ಲಿ ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿ ಬಂದ ಬರಹ ಇಲ್ಲಿಯ ಅರಸನನ್ನು ಬಲ್ಹರಾ ಎಂದು ಕರೆದು, ಜಗತ್ತಿನ ನಾಲ್ವರು ಹಿರಿಯ ದೊರೆಗಳ ಸಾಲಿಗೆ ಸೇರಿಸಿತು. ಅರಬರನ್ನು ಅವನಷ್ಟು ಪ್ರೀತಿಯಿಂದ ಕಾಣುವವರಿಲ್ಲ ಎಂದಿತು. ಅಮೋಘವರ್ಷ ಆಳುತ್ತಿದ್ದ ಕಾಲ ಅದು. ಪರದೇಶಿಗಳ ಬಾಯಲ್ಲಿ ಒಳ್ಳೆಯ ಮಾತು ಬರುವ ಹಾಗೆ ನಡೆದುಕೊಂಡ ನಾಡು ಇದು.

ಇನ್ನೊಂದು ಪದ ಇದರ ಜೋಡಿ ಇದೆ. ಕಲಬುರಗಿ ಕಡೆ ದಿನಕ್ಕೆ ಹತ್ತು ಸಲ ಕೇಳುವ ಗರೀಬ. ಬಡವ ಎಂಬರ್ಥ. ಅರಬ್ಬಿಯಲ್ಲಿ ಅದರ ಮೂಲ ಅರ್ಥ ಪರಸ್ಥಳದವನು, ಊರಿಗೆ ಹೊಸಬ. ಬಹಮನಿ ಸುಲ್ತಾನರ ದರಬಾರಿನಲ್ಲಿ ಪಾರಸಿ ನಾಡಿನಿಂದ ಬಂದ ದೊಡ್ಡ ಅಧಿಕಾರಿಗಳಿಗೂ ಗರೀಬರು ಎಂಬ ಹೆಸರಿತ್ತು. ಮಂತ್ರಿ ಮಹಮೂದ್ ಗವಾನ್ ಆ ಗುಂಪಿನವನು. ಅಂಥವರಿಗೆ ಸಲ್ಲುತ್ತಿದ್ದ ಪದ ಇಂದು ರೇಷನ್ ಕಾರ್ಡಿನ ಸಾಲಿನಲ್ಲಿ ನಿಂತಿದೆ. ಎರಡು ಬೇರೆ ಭಾಷೆಗಳ ಎರಡು ಪದಗಳು ಒಂದೇ ನೆಲದಲ್ಲಿ ಒಂದೇ ಇಳಿಜಾರಿನಲ್ಲಿ ಜಾರಿವೆ. ಇದು ಬರೀ ಕಾಕತಾಳೀಯ ಎಂದು ನಂಬಲು ನನ್ನಿಂದಾಗದು.

ನನ್ನ ಸಿದ್ಧಾಂತ ಹೀಗಿದೆ. ಪದದ ಅರ್ಥ ಬದಲಾದದ್ದು ಬಾವಿಯ ಕಟ್ಟೆಯ ಮೇಲೆ, ಬರಗಾಲದಲ್ಲಿ. 1791-92ರ ಡೋಗಿ ಬರ, 1876-78ರ ಬರ ದಖ್ಖನವನ್ನು ಬಡಿದಾಗ ಊರಿಗೆ ಬರುತ್ತಿದ್ದ ಹೊಸಬರು ವ್ಯಾಪಾರಿಗಳಲ್ಲ, ಹಸಿದವರು. ಅವರ ಹತ್ತಿರ ಕೊಡವಿರಲಿಲ್ಲ, ಹಗ್ಗವಿರಲಿಲ್ಲ. ನಮ್ಮ ಬಯಲುಸೀಮೆಯ ಬಾವಿಗಳು ಆಳ. ಹಗ್ಗವಿಲ್ಲದವನು ನೀರು ಕಂಡರೂ ಕುಡಿಯಲಾರ, ಯಾರಾದರೂ ಸೇದಿ ಕೊಡಬೇಕು. ಹಾಗೆ ಕಟ್ಟೆಯ ಹತ್ತಿರ ಬಂದು ಸುಮ್ಮನೆ ನಿಲ್ಲುವವನನ್ನು ಕಂಡು ಯಾರೋ ಒಬ್ಬಾಕೆ, ಪಾಪ ಪರದೇಶಿ, ಎಂದಳು. ಅವಳ ಮಾತಿನಲ್ಲಿದ್ದದ್ದು ಮರುಕ. ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಮರುಕ ಸೋರಿಹೋಗಿ ಬೈಗುಳ ಉಳಿಯಿತು. ಶಾಸನದ ಸಾಕ್ಷಿ ಕೇಳಿದರೆ ನನ್ನ ಬಳಿ ಇಲ್ಲ. ಇರುವುದು ಒಂದು ಗಾದೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ?

ಈ ಗಾದೆಯನ್ನು ಜನ ಸಾಮಾನ್ಯವಾಗಿ ಹೊಂಚಿನ ಮಾತಾಗಿ ಬಳಸುತ್ತಾರೆ. ಎಲ್ಲಿ ಹೋದಾಳು, ಕೈಗೆ ಸಿಕ್ಕೇ ಸಿಗುತ್ತಾಳೆ ಎಂಬ ಹಾಗೆ. ನಾನು ಅದನ್ನು ಒಪ್ಪುವುದಿಲ್ಲ. ಗಾದೆಯನ್ನು ಮೊದಲು ಆಡಿದವಳು ಹೆಣ್ಣು, ಅದರಲ್ಲಿ ನನಗೆ ಸಂಶಯವಿಲ್ಲ, ಏಕೆಂದರೆ ನೀರಿಗೆ ಹೋಗುವವರು ಹೆಣ್ಣುಮಕ್ಕಳೇ. ಅವಳು ಕಟ್ಟೆಯ ಮೇಲಿದ್ದಾಳೆ. ಊರಿಗೆ ಹೊಸ ಸೊಸೆ ಬಂದಿದ್ದಾಳೆಂಬ ಸುದ್ದಿ ಬಂದಿದೆ. ಹೇಗಿದ್ದಾಳೆ, ಯಾರ ಮಗಳು, ಮಾತಾಡಿಸಿ ಬರೋಣವೇ ಎಂದು ಉಳಿದವರು ತವಕಪಡುತ್ತಿದ್ದಾರೆ. ಇವಳು ಸಮಾಧಾನ ಹೇಳುತ್ತಾಳೆ: ಅವಸರ ಬೇಡ, ಬರುತ್ತಾಳೆ. ಅಂದರೆ ಈ ಊರಿನಲ್ಲಿ ಇರುವ ಯಾರಿಗೂ ಈ ಕಟ್ಟೆ ತಪ್ಪಿದ್ದಲ್ಲ, ಅವಳಿಗೂ ಇಲ್ಲಿ ಪಾಳಿ ಉಂಟು. ನನಗೆ ಕೇಳಿಸುವ ಅರ್ಥ ಇದು.

ಚಂದಾಪುರದಲ್ಲಿ ನನಗಾದದ್ದು ಅದೇ. ಬಂದ ಮೊದಲ ವಾರ ಮನೆಗೆ ನಳದ ನೀರು ಬರಲಿಲ್ಲ. ನಮ್ಮ ಕಡೆ ಕೊಳಾಯಿ ಎನ್ನುವುದಕ್ಕೆ ಇಲ್ಲಿ ನಳ, ಕೈಪಂಪಿಗೆ ಬೋರಿಂಗ್. ಎರಡು ದಿನ ಪಕ್ಕದ ಅಂಗಡಿಯಿಂದ ನೀರು ಕೊಂಡು ತಂದೆ. ಮೂರನೇ ದಿನ ಮುಂಜಾನೆ ಕೊಡ ಹಿಡಿದು ಬೋರಿಂಗ್ ಕಡೆ ಹೋದಾಗ ಹೆಂಗಸರೆಲ್ಲ ಮಾತು ನಿಲ್ಲಿಸಿ ನೋಡಿದರು. ಪಾಳಿಯ ಕೊನೆಯಲ್ಲಿ ನಿಂತೆ. ಆಯಿ ನನ್ನ ಕೊಡ ಕಿತ್ತುಕೊಂಡು ಮುಂದಿಟ್ಟಳು. "ಸಾಲಿ ಟೈಮ್ ಆಗ್ತದ ಅಕ್ಕೋರಿಗಿ, ಮೊದಲ ಅವರು ತುಂಬ್ಕೊಳ್ಳಲಿ" ಎಂದಳು. ಪಂಪು ಒತ್ತಿದವಳು ಯಾರೋ ಲಂಬಾಣಿ ಹೆಣ್ಣುಮಗಳು, ಕೊಡ ಎತ್ತಿ ನನ್ನ ಸೊಂಟಕ್ಕಿಟ್ಟವಳು ಸಾಯಬರ ಮನೆಯ ಸೊಸೆ. ಅಲ್ಲಿ ಕನ್ನಡ, ದಖನಿ, ತೆಲುಗು, ಲಂಬಾಣಿ ನಾಲ್ಕೂ ಒಟ್ಟಿಗೆ ಹರಿಯುತ್ತಿದ್ದವು. ನನ್ನ ತಿಪಟೂರು ಕನ್ನಡ ಐದನೆಯದಾಗಿ ಸೇರಿತು. ಊರಿಗೆ ಬಂದವಳು ನೀರಿಗೆ ಬಂದಳು. ನಾಲ್ಕು ತಿಂಗಳ ಮೇಲೆ ಅದೇ ಆಯಿ ತೇರಿಗೆ ಕರೆದಾಗ ಪರದೇಶಿ ಎಂದದ್ದನ್ನು ನಾನು ತಪ್ಪು ತಿಳಿದೆ. ಅವಳು ಹೇಳಿದ್ದು ಪರದೇಶಿಗತೆ, ಪರದೇಶಿಯ ಹಾಗೆ. ಅಂದರೆ ನೀವು ಪರದೇಶಿಯಲ್ಲ, ಹಾಗಿದ್ದೂ ಹಾಗೆ ಏಕೆ ನಿಂತಿದ್ದೀರಿ ಎಂದು. ಆ 'ಗತೆ'ಯಲ್ಲಿ ಎಷ್ಟು ಪ್ರೀತಿ ಇತ್ತೆಂದು ನನಗೆ ತಿಳಿಯಲು ಎರಡು ವರ್ಷ ಬೇಕಾಯಿತು.

ಜಾತ್ರೆಯ ದಿನ ಪರಸ್ಥಳದವರನ್ನು ನೂಕುವುದು ಏಕೆ ತಪ್ಪೆಂದರೆ, ಆ ದಿನದ ದೇವರೇ ಪರಸ್ಥಳದವನು. ಶರಣಬಸವೇಶ್ವರರು ಕಲಬುರಗಿಯಲ್ಲಿ ಹುಟ್ಟಿದವರಲ್ಲ. ಜೇವರ್ಗಿ ಕಡೆಯ ಅರಳಗುಂಡಗಿಯವರು, 1746ರಲ್ಲಿ ಹುಟ್ಟಿ, ಒಕ್ಕಲುತನ ಮಾಡಿ, ಬಂದವರಿಗೆಲ್ಲ ದಾಸೋಹ ನಡೆಸಿ, ಕಡೆಗೆ ಈ ಊರಿಗೆ ಬಂದು ನೆಲೆಸಿ, 1822ರಲ್ಲಿ ಇಲ್ಲಿಯೇ ಲಿಂಗೈಕ್ಯರಾದರು. ಅದೇ ಊರಿನ ಖಾಜಾ ಬಂದೇನವಾಜರು 1321ರಲ್ಲಿ ದಿಲ್ಲಿಯಲ್ಲಿ ಹುಟ್ಟಿದವರು. ತೈಮೂರನ ದಾಳಿಯ ಹೊತ್ತಿಗೆ, 1398ರಲ್ಲಿ, ದಿಲ್ಲಿ ಬಿಟ್ಟು ದಖ್ಖನದ ದಾರಿ ಹಿಡಿದರು. ಆಗ ಅವರಿಗೆ ಎಪ್ಪತ್ತೇಳರ ಪ್ರಾಯ. ಆ ವಯಸ್ಸಿನಲ್ಲಿ ಹೊಸ ಊರಿಗೆ ಬಂದು, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಾಳಿ, 1422ರಲ್ಲಿ ಮಣ್ಣಾದರು. ಅವರ ಉರುಸಿಗೆ ಆಯಿ ತಪ್ಪದೆ ಹೋಗುತ್ತಿದ್ದಳು, ಅದನ್ನೂ ಜಾತ್ರಿ ಎಂದೇ ಕರೆಯುತ್ತಿದ್ದಳು. ಕಾರ್ಕಳದ ಅತ್ತೂರಿನಲ್ಲಿ ಜನವರಿಯ ಹಬ್ಬಕ್ಕೆ ಎಲ್ಲ ಜಾತಿಯವರೂ ಮೇಣದ ಬತ್ತಿ ಹಚ್ಚುವುದು ಸಂತ ಲಾರೆನ್ಸರಿಗೆ, 258ರಲ್ಲಿ ರೋಮಿನಲ್ಲಿ ಹುತಾತ್ಮರಾದವರಿಗೆ. ಮೆಕ್ಸಿಕೋದಲ್ಲಿ ಎಷ್ಟೋ ಊರುಗಳು ಜುಲೈ 25ರಂದು ಜಾತ್ರೆ ಮಾಡುವುದು ಸಂತ ಯಾಕೋಬರ ಹೆಸರಿನಲ್ಲಿ. ಅವರು ಗಲಿಲಾಯದ ಮೀನುಗಾರರು, ಮೆಕ್ಸಿಕೋ ಎಂಬ ಹೆಸರನ್ನೂ ಕೇಳಿದವರಲ್ಲ. ಊರು ತನ್ನ ತೇರಿನಲ್ಲಿ ಕೂರಿಸುವುದು ಹೊರಗಿನಿಂದ ಬಂದವರನ್ನೇ.

ಈಗಿನ ಮಾತಿನ ಬಗ್ಗೆ ನನ್ನ ದೂರು ಇದೆ. ಶ್ರೀಮಂತ ಹೊರನಾಡಿಗನಿಗೆ ವಿದೇಶಿ, ಬಡ ಹೊರನಾಡಿಗನಿಗೆ ಪರದೇಶಿ ಎಂದು ನಾವು ಹಂಚಿಬಿಟ್ಟಿದ್ದೇವೆ. ವಿದೇಶಿ ಹೂಡಿಕೆ, ವಿದೇಶಿ ಪ್ರವಾಸ ಎಲ್ಲ ಉಂಟು, ಪರದೇಶಿ ಹೂಡಿಕೆ ಎಂದು ಯಾರೂ ಬರೆಯುವುದಿಲ್ಲ. ಮಗ ಅಮೆರಿಕಕ್ಕೆ ಹೋದರೆ ಫಾರಿನ್‌ನಾಗ ಅದಾನ ಎನ್ನುತ್ತೇವೆ. ಪರದೇಶದಲ್ಲಿದ್ದಾನೆ ಎಂದರೆ ತಾಯಿಗೆ ಎದೆ ಒಡೆಯುತ್ತದೆ. ಇನ್ನು ಶಾಲೆಯಲ್ಲಿ ಮಕ್ಕಳು ಲೋಕಲ್, ನಾನ್‌ಲೋಕಲ್ ಎಂದು ಕಲಿತಿದ್ದಾರೆ. ಈ ನೆಲಕ್ಕೆ ಈ ವಿಂಗಡಣೆ ಹೊಸದೇನಲ್ಲ. ನಿಜಾಮರ ಕಾಲದಲ್ಲಿ, 1919ರ ನಿಯಮದಂತೆ, ಹದಿನೈದು ವರ್ಷ ನೆಲೆಸಿದವನು ಮುಲ್ಕಿ, ಉಳಿದವನು ಗೈರ್‌ಮುಲ್ಕಿ. ಹೈದರಾಬಾದಿನಲ್ಲಿ 1952ರಲ್ಲಿ ಅದಕ್ಕಾಗಿ ದೊಡ್ಡ ಚಳವಳಿಯೇ ಆಯಿತು. 1956ರಲ್ಲಿ ಈ ಭಾಗ ನಮ್ಮ ರಾಜ್ಯಕ್ಕೆ ಸೇರಿತು, ಈಗ ಇಲ್ಲಿಯವರಿಗೆ ಸಂವಿಧಾನದ 371ಜೆ ಪ್ರಮಾಣಪತ್ರ ಇದೆ. ಅದು ಬೇಕು. ಇಲ್ಲಿಯ ಮಕ್ಕಳಿಗೆ ನ್ಯಾಯವಾಗಿ ಸಿಗಬೇಕಾದ ಕೆಲಸಗಳು ಸಿಗದೆ ಹೋದದ್ದನ್ನು ಇಷ್ಟು ವರ್ಷ ಕಣ್ಣಾರೆ ಕಂಡಿದ್ದೇನೆ. ಆದರೆ ಕಚೇರಿಯ ಅರ್ಜಿಗೆ ಬೇಕಾದ ಪದವನ್ನು ಬಸ್ಸಿನ ಬಾಗಿಲಿಗೆ ತಂದು ನಿಲ್ಲಿಸುವುದು ಬೇಡ.

ಬಸ್ಸಿನಲ್ಲಿ ಪರದೇಶಿ ಎಂದ ಆ ಹುಡುಗನ ಅಪ್ಪ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ. ಚಿಂಚೋಳಿ ತಾಲ್ಲೂಕಿನ ತಾಂಡಾಗಳಿಂದ, ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವವರ ಲೆಕ್ಕ ಊರಿನ ಬೀಗ ಬಿದ್ದ ಬಾಗಿಲುಗಳೇ ಹೇಳುತ್ತವೆ. ಮರುದಿನ ಅವನ ಮನೆಗೇ ಹೋಗಿ ಕೇಳಿದೆ: ನಿಮ್ಮಪ್ಪ ಪುಣೆಯಲ್ಲಿ ಬಸ್ಸು ಹತ್ತುವಾಗ ಅಲ್ಲಿಯವರು ಏನೆಂದು ಕರೆಯುತ್ತಾರೋ? ಅವನು ತಲೆ ತಗ್ಗಿಸಿದ. "ತಪ್ಪಾತ್ರಿ ಟೀಚರ್" ಎಂದ.

ಆಯಿ ಹೋಗಿ ಮೂರು ವರ್ಷವಾಯಿತು. ಕ್ರೂಸರ್ ಗಾಡಿ ಈಗ ನಾನೇ ಗೊತ್ತು ಮಾಡುತ್ತೇನೆ. ನಿಮ್ಮ ಓಣಿಯಲ್ಲಿ ಬಾಡಿಗೆಗಿರುವ ಕಾರ್ಖಾನೆಯ ಹುಡುಗರು, ನರ್ಸುಗಳು, ಮೇಷ್ಟ್ರುಗಳು ಯಾರಾದರೂ ತೇರಿನ ದಿನ ಬಾಗಿಲಲ್ಲಿ ನಿಂತಿದ್ದರೆ ದಯವಿಟ್ಟು ಹೋಗಿ ಕರೆಯಿರಿ. ಪರದೇಶಿಗತೆ ಯಾಕ ನಿಂತೀರಿ, ಬರ್ರಿ, ಗಾಡ್ಯಾಗ ಜಾಗ ಅದ, ಅನ್ನಿ.