ಹಳೆಯ ಕಾರಿನ ನೆಲಹಾಸು

ಕಾರಿನ ಬಾಗಿಲು ತೆರೆದೊಡನೆ ನೀವು ಕಾಲಿಡುವುದು ಕಾರ್ಪೆಟ್ ಮೇಲೆ. ಅದು ಕಾರಿಗೆ ಯಾವಾಗ ಬಂತು, ಯಾವ ಎಳೆಯಿಂದ ಆದದ್ದು ಎಂದು ಎಂದಾದರೂ ಯೋಚಿಸಿದ್ದೀರಾ? ಹಳೆಯ ಕಾರನ್ನು ಮೊದಲಿನ ರೂಪಕ್ಕೆ ತರುವವರಿಗೆ ಇದು ಮುಖ್ಯ ಪ್ರಶ್ನೆ.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನ ನೆಲ ಮರದ ಹಲಗೆಗಳದ್ದು. ಅದರ ಮೇಲೆ ರಬ್ಬರ್ ಹಾಸು. ಉಣ್ಣೆಯ ಕಾರ್ಪೆಟ್ ಏನಿದ್ದರೂ ಸಿರಿವಂತರ ಕಾರುಗಳಿಗೆ ಮೀಸಲು. ಈ ಅಂತರವನ್ನು ತಗ್ಗಿಸಿದ್ದು ಕೃತಕ ಎಳೆಗಳು. ಮರದ ತಿರುಳಿನ ಸೆಲ್ಯುಲೋಸ್‌ನಿಂದ ರೇಯಾನ್ ತಯಾರಾಗುತ್ತಿತ್ತು. 1935ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕ್ಯಾರೊಥರ್ಸ್ ತಂಡ ನೈಲಾನ್ ರೂಪಿಸಿತು. ಎರಡನೆಯ ಮಹಾಯುದ್ಧದ ನಂತರ ಜಾರ್ಜಿಯ ರಾಜ್ಯದ ಡಾಲ್ಟನ್ ಪಟ್ಟಣದಲ್ಲಿ, ನೇಯುವ ಬದಲು ಸಾಲುಸೂಜಿಗಳಿಂದ ಬಟ್ಟೆಗೆ ಎಳೆ ಚುಚ್ಚುವ ಯಂತ್ರಗಳು ಕಾರ್ಪೆಟ್ಟನ್ನು ಅಗ್ಗವಾಗಿಸಿದವು.

1964ರ ಏಪ್ರಿಲ್‌ನಲ್ಲಿ ಬಂದ ಫೋರ್ಡ್ ಮಸ್ಟಾಂಗ್‌ನ ಆರಂಭದ ಬೆಲೆ 2,368 ಡಾಲರ್. ಸಾಮಾನ್ಯರ ಕೈಗೆಟುಕುವ ಈ ಬೆಲೆಯಲ್ಲೇ ಕಾರ್ಪೆಟ್ಟೂ ಸೇರಿತ್ತು. ಆ ಕಾಲದ ಅಮೆರಿಕನ್ ಕಾರುಗಳಲ್ಲಿ ಕುಣಿಕೆ ಎಳೆಯ ರೇಯಾನ್-ನೈಲಾನ್ ಮಿಶ್ರಣ ಬಳಕೆಯಲ್ಲಿತ್ತು. 1970ರ ದಶಕದ ಮಧ್ಯದ ಹೊತ್ತಿಗೆ ತುದಿ ಕತ್ತರಿಸಿದ ನೈಲಾನ್ ಎಳೆ ಅದರ ಸ್ಥಾನಕ್ಕೆ ಬಂತು. ಆದ್ದರಿಂದ ಎಳೆಯನ್ನು ನೋಡಿಯೇ ಕಾರ್ಪೆಟ್ಟಿನ ಕಾಲವನ್ನು ಸ್ಥೂಲವಾಗಿ ಊಹಿಸಬಹುದು. ಸಂದೇಹವಿದ್ದರೆ ಒಂದು ಎಳೆಯನ್ನು ಕಿತ್ತು, ಕಾರಿನಿಂದ ದೂರ ಒಯ್ದು, ಚಿಮಟದಲ್ಲಿ ಹಿಡಿದು ಸುಡಿ. ರೇಯಾನ್ ಕಾಗದದಂತೆ ಉರಿದು ಬೂದಿಯಾಗುತ್ತದೆ; ನೈಲಾನ್ ಕರಗಿ ಗಟ್ಟಿ ಮಣಿಯಾಗುತ್ತದೆ.

ರೇಯಾನ್‌ಗೆ ಒಂದು ದೌರ್ಬಲ್ಯವಿದೆ. ಒದ್ದೆಯಾದರೆ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದರ ಅಡಿಯಲ್ಲಿ ಹಾಸುತ್ತಿದ್ದ ಸೆಣಬಿನ ಪದರವಂತೂ ನೀರನ್ನು ಹೀರಿ ಹಿಡಿದಿಡುತ್ತದೆ. ಮೊದಲ ಮಸ್ಟಾಂಗ್‌ಗಳಲ್ಲಿ ಮುಂಗಾಜಿನ ಬುಡದ ಗಾಳಿಕಿಂಡಿಯ ಒಳಭಾಗ ತುಕ್ಕು ಹಿಡಿದು, ಮಳೆನೀರು ನೇರವಾಗಿ ಕಾಲಿನೆಡೆಗೆ ಸೋರುತ್ತದೆ. ಮೇಲೆ ಕಾರ್ಪೆಟ್ ಅಂದವಾಗಿ ಕಾಣುತ್ತಿದ್ದರೂ ಕೆಳಗಿನ ಉಕ್ಕಿನ ತಗಡು ತೂತಾಗಿರಬಹುದು. ಸೀಟು, ಸೀಟುಬೆಲ್ಟುಗಳನ್ನು ಬಿಗಿದಿರುವುದು ಇದೇ ತಗಡಿಗೆ ಎಂಬುದನ್ನು ಮರೆಯದಿರಿ. ಇಲ್ಲಿ ಪ್ರಶ್ನೆ ಅಂದದ್ದಲ್ಲ, ಪ್ರಾಣದ್ದು.

ಆದ್ದರಿಂದ ಹೊಸ ಕಾರ್ಪೆಟ್ ಹಾಸುವ ಮೊದಲು ಸೋರಿಕೆ ನಿಲ್ಲಿಸಿ, ತುಕ್ಕನ್ನು ಉಜ್ಜಿ ತೆಗೆದು, ತೂತುಗಳಿಗೆ ತಗಡು ಬೆಸೆದು, ತುಕ್ಕುನಿರೋಧಕ ಬಣ್ಣ ಬಳಿಯಬೇಕು. ಹಳೆಯ ಕಾರ್ಪೆಟ್ಟನ್ನು ಬಿಸಾಡಬೇಡಿ. ಅಳತೆಗೆ ಅದೇ ಮಾದರಿ. ಅಚ್ಚಿನಲ್ಲಿ ಒತ್ತಿದ ಹೊಸದನ್ನು ಬಿಸಿಲಿನಲ್ಲಿ ಹರಡಿದರೆ ಮಡಿಕೆಗಳು ಸಡಿಲುತ್ತವೆ. ನಡುವಿನ ಉಬ್ಬಿನ ಮೇಲೆ ಮೊದಲು ಕೂರಿಸಿ, ನಂತರ ಬದಿಗಳಿಗೆ ಸವರುತ್ತ ಬನ್ನಿ. ಬೋಲ್ಟಿನ ಜಾಗಕ್ಕೆ ಡ್ರಿಲ್ ಹಾಕಬೇಡಿ. ಅದು ಎಳೆಯನ್ನು ಸುತ್ತಿಕೊಂಡು ಸಾಲಿಗೆ ಸಾಲನ್ನೇ ಬಿಚ್ಚಿಬಿಡುತ್ತದೆ. ಚೂಪಾದ ಬ್ಲೇಡಿನಿಂದ ಸಣ್ಣದಾಗಿ ಸೀಳಿದರೆ ಸಾಕು.

ಇಂದು ಹಳೆಯ ಮಾದರಿಯ ಕುಣಿಕೆ ಕಾರ್ಪೆಟ್ಟುಗಳು ಶೇಕಡ 80 ರೇಯಾನ್, 20 ನೈಲಾನ್ ಬೆರಕೆಯಲ್ಲಿ ದೊರೆಯುತ್ತವೆ. ಪೂರ್ಣ ನೈಲಾನಿನದು ಹೆಚ್ಚು ಬಾಳುತ್ತದೆ, ಆದರೆ 1964ರ ಕಾರಿಗೆ ಅದು ಆ ಕಾಲದ್ದಲ್ಲ. ಯಾವುದನ್ನು ಆರಿಸಬೇಕೆಂಬುದು ನಿಮಗೆ ಬಿಟ್ಟದ್ದು. ಯಾವುದನ್ನೇ ಆರಿಸಿದರೂ ಅದರಡಿಯ ತಗಡು ಗಟ್ಟಿಯಾಗಿರಲಿ.